ಗೇಜಿಗೆ ಸಿಗದ ನೋವು

ಅಂಬತ್ತೂರು, ಚೆನ್ನೈ
ಭಾನುವಾರ ಬೆಳಗ್ಗೆ

ಪುಟ್ಟಿಗೆ ದೊಡ್ಡಮ್ಮ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ನೀನು ಸ್ಕೂಟರಿನಿಂದ ಬಿದ್ದು ಐದು ವಾರವಾಯಿತು, ಮೊಣಕೈ ಗಾಯ ಒಣಗಿ ಹಕ್ಕಳೆಯೂ ಉದುರಿತು, ತಲೆನೋವು ಮಾತ್ರ ಹೋಗಿಲ್ಲ ಅಂದಳು. ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ಸಾಲುಗಳು ಕಲಸಿಹೋಗುತ್ತವಂತೆ. ಟ್ಯೂಬ್‌ಲೈಟ್ ಹಾಕಿದರೆ ಕಣ್ಣಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತೀಯಂತೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆ ಗಿರ್ರನೆ ತಿರುಗುತ್ತದಂತೆ. ಇಷ್ಟೆಲ್ಲ ಹೇಳಿ ಕೊನೆಗೆ ದನಿ ತಗ್ಗಿಸಿ, "ಅಕ್ಕಾ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಹೀಗಾಡ್ತಾಳೋ ಏನೋ" ಅಂದಳು. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಹೆದರಿದ ತಾಯಿ "ಏನೂ ಇಲ್ಲ" ಅನ್ನುವ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾಳೆ. ಆದರೆ ನೀನೂ ಆ ಮಾತನ್ನು ನಂಬಿ, ನನ್ನ ನೋವು ಸುಳ್ಳೇನೋ ಅಂತ ಕೂತುಬಿಟ್ಟರೆ ಹೇಗೆ ಅನ್ನುವುದು ನನ್ನ ಸಂಕಟ. ಅದಕ್ಕೇ ಈ ಕಾಗದ. ಇದು ಉದ್ದವಾಗುತ್ತದೆ, ನೀನು ಓದಬೇಡ. ಊಟವಾದ ಮೇಲೆ ಕಣ್ಣು ಮುಚ್ಚಿ ಒರಗಿಕೊ, ಅಮ್ಮ ಓದಲಿ. ಎರಡು ಮೂರು ದಿನ ಹಿಡಿದರೂ ಪರವಾಗಿಲ್ಲ. ಅವಳ ಕಿವಿಗೂ ಬೀಳಬೇಕಾದ ಮಾತುಗಳಿವೆ.

ನಾನು 31 ವರ್ಷ ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತವಳು. ಒಂದು ಬುಷ್ ಬಂದರೆ ಅದರ ತೂತಿಗೆ ಪ್ಲಗ್ ಗೇಜ್ ಹಾಕಿ ನೋಡುತ್ತಿದ್ದೆ. ಗೇಜಿನ ಒಂದು ತುದಿ 'ಗೋ', ಇನ್ನೊಂದು 'ನೋ-ಗೋ'. ಗೋ ತುದಿ ಸಲೀಸಾಗಿ ಒಳಗೆ ಹೋಗಬೇಕು, ನೋ-ಗೋ ತುದಿ ಹೋಗಲೇಬಾರದು. ಹಾಗಾದರೆ ಮಾಲು ಪಾಸು. ಆದರೆ ಆ ಗೇಜಿಗೆ ಗೊತ್ತಿರುವುದು ತೂತಿನ ಅಳತೆ ಒಂದೇ. ಉಕ್ಕು ಎಷ್ಟು ಗಡಸು, ಒಳಗೆ ಕೂದಲೆಳೆಯ ಬಿರುಕು ಇದೆಯೋ ಇಲ್ಲವೋ, ಅದನ್ನು ಕೇಳಬೇಕಾದ ಯಂತ್ರವೇ ಬೇರೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ.

ನಿನ್ನ ಸಿಟಿ ಸ್ಕ್ಯಾನ್ ಅಂಥದೊಂದು ಗೇಜ್. ತಲೆಬುರುಡೆ ಒಡೆದಿದೆಯೇ, ಒಳಗೆ ರಕ್ತ ಸೋರಿದೆಯೇ, ಮಿದುಳು ಊದಿಕೊಂಡಿದೆಯೇ ಎಂದು ನೋಡಲು ಅದನ್ನು ಮಾಡುತ್ತಾರೆ. ಅದರಲ್ಲಿ ನೀನು ಪಾಸಾದೆ. ನಾನು ಅವತ್ತೇ ದೇವರಿಗೆ ದೀಪ ಹಚ್ಚಿದೆ. ಆದರೆ ಕನ್‌ಕಶನ್ ಎನ್ನುತ್ತಾರಲ್ಲ, ತಲೆ ಜೋರಾಗಿ ಅಲುಗಿ ಮಿದುಳಿನ ಕೆಲಸ ಏರುಪೇರಾಗುವುದು, ಅದು ಸಾಮಾನ್ಯವಾಗಿ ಆ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ.

ಆಗಿರುವುದೇನು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಮಿದುಳು ಗಿಣ್ಣಿನಷ್ಟು ಮೆತ್ತಗೆ, ಬುರುಡೆಯೊಳಗಿನ ನೀರಲ್ಲಿ ತೇಲಿಕೊಂಡಿರುತ್ತದೆ. ಗಿಣ್ಣಿನ ಪಾತ್ರೆಯನ್ನು ಕಟ್ಟೆಗೆ ಕುಕ್ಕಿದರೆ ಪಾತ್ರೆ ಒಡೆಯದಿದ್ದರೂ ಒಳಗೆಲ್ಲ ನಡುಗುತ್ತದಲ್ಲ, ಹಾಗೆ. ನಿನ್ನ ಹೆಲ್ಮೆಟ್ಟು ಬುರುಡೆಯನ್ನು ಉಳಿಸಿತು, ಒಳಗಿನ ಆ ನಡುಕವನ್ನು ಪೂರ್ತಿ ತಡೆಯಲು ಯಾವ ಹೆಲ್ಮೆಟ್ಟಿಗೂ ಆಗದು. ನರದ ಎಳೆಗಳು ಜಗ್ಗುತ್ತವೆ, ಜೀವಕೋಶದ ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನೆಲ್ಲ ಮೊದಲಿನಂತೆ ಮಾಡಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಕರೆಂಟು ಮಂಕಾಗಿ ಬರುವ ಹೊತ್ತಿನಲ್ಲೇ ಮೋಟಾರು, ಮಿಕ್ಸಿ, ಗ್ರೈಂಡರು ಎಲ್ಲ ಒಟ್ಟಿಗೆ ಹಾಕಿದ ಹಾಗೆ. ಓದು, ಬೆಳಕು, ಗದ್ದಲ ಯಾವುದೂ ತಡೆಯದಿರುವುದು ಅದಕ್ಕೇ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಿದ್ದ ಕೂಡಲೇ ತೋರಬೇಕೆಂದೂ ಇಲ್ಲ.

ನೀನು ಕ್ರಿಕೆಟ್ ಹುಚ್ಚಿಯಲ್ಲವೇ? 2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದಲ್ಲಿ ನಡೆದ ಟಿ20 ನೆನಪು ಮಾಡಿಕೊ. ಕೊನೆಯ ಓವರಿನಲ್ಲಿ ಸ್ಟಾರ್ಕ್ ಎಸೆದ ಚೆಂಡು ರವೀಂದ್ರ ಜಡೇಜಾ ಹೆಲ್ಮೆಟ್ಟಿಗೆ ಬಡಿಯಿತು. ಅವನು ನಿಂತು ಆ ಇನಿಂಗ್ಸ್ ಮುಗಿಸಿದ. ಆಮೇಲೆ ಫೀಲ್ಡಿಂಗಿಗೆ ಬರಲಿಲ್ಲ. ಅವನ ಬದಲಿಗೆ ಆಗ ನಿಮ್ಮ ಆರ್‌ಸಿಬಿಯಲ್ಲಿದ್ದ ಚಾಹಲ್ ಇಳಿದು ಮೂರು ವಿಕೆಟ್ ತೆಗೆದ, ಭಾರತ 11 ರನ್ನಿನಿಂದ ಗೆದ್ದಿತು. ಆಡುತ್ತಲೇ ಇದ್ದವನಿಗೆ ಏನಾಗಿತ್ತು ಅಂತ ಅವತ್ತು ಎಷ್ಟು ಜನ ಕೇಳಿದರು! ನಡೆದಾಡಿದ, ಮಾತಾಡಿದ, ಬ್ಯಾಟ್ ಬೀಸಿದ ಅನ್ನುವುದರಿಂದ ತಲೆಯೊಳಗೆ ಏನೂ ಆಗಿಲ್ಲ ಅಂತ ಹೇಳಲು ಬರುವುದಿಲ್ಲ. ಕನ್‌ಕಶನ್ ಆದವನ ಬದಲಿಗೆ ಇನ್ನೊಬ್ಬನನ್ನು ಇಳಿಸಬಹುದು ಎಂಬ ನಿಯಮವನ್ನು ಐಸಿಸಿ 2019ರಲ್ಲಿ ತಂದದ್ದೇ ಇದನ್ನು ಮನಗಂಡು. ನಿನ್ನ ಹಾಸ್ಟೆಲಿನ ಗೆಳತಿಯರು "ಚೆನ್ನಾಗೇ ಇದ್ದೀಯಲ್ಲೇ" ಅಂದರೆ ಇದನ್ನು ಹೇಳು.

ದೊಡ್ಡವರಲ್ಲಿ ಬಹುಪಾಲು ಜನಕ್ಕೆ ಎರಡು ವಾರದಲ್ಲಿ ಹುಷಾರಾಗುತ್ತದೆ. ನಾಲ್ಕು ವಾರ ದಾಟಿಯೂ ಉಳಿದರೆ, ಉಳಿದಿರುವುದು ಯಾವುದು ಅಂತ ಬಿಡಿಸಿ ನೋಡಬೇಕು. ನೀನೀಗ ಅಲ್ಲಿದ್ದೀಯ. ಹೀಗೆ ಉಳಿಯುವ ನೋವು ಎಷ್ಟೋ ಸಲ ಅರೆತಲೆನೋವಿನ ರೂಪದ್ದೇ ಆಗಿರುತ್ತದೆ, ಮೊದಲೇ ಅರೆತಲೆನೋವು ಇದ್ದವರಿಗೆ ವಾಸಿಯಾಗುವುದೂ ನಿಧಾನ. ಈಗ ನಿನಗೆ ಹೇಳದೆ ಉಳಿದಿದ್ದ ಒಂದು ಸಂಗತಿ ಹೇಳಬೇಕು. ಅರೆತಲೆನೋವು ನಮ್ಮ ಮನೆತನದಲ್ಲಿ ಇಳಿದುಬಂದದ್ದು. ನಿನ್ನ ಮುತ್ತಜ್ಜಿಗಿತ್ತು, ಅಜ್ಜಿಗಿತ್ತು, ನನಗಿದೆ. ನಿನ್ನ ಅಮ್ಮನಿಗೆ ಬರಲಿಲ್ಲ, ಅದಕ್ಕೇ ಅವಳಿಗೆ ಅದರ ಅಂದಾಜಿಲ್ಲ. ಹೈಸ್ಕೂಲಿನಲ್ಲಿದ್ದಾಗ ಮುಟ್ಟಿನ ಹಿಂದಿನ ದಿನ ನೀನು ಒಂದು ಕಡೆ ತಲೆ ಹಿಡಿದುಕೊಂಡು ಮಲಗುತ್ತಿದ್ದದ್ದು ನನಗೆ ನೆನಪಿದೆ. ವೈದ್ಯರಿಗೆ ಇದನ್ನು ಹೇಳಿದ್ದೀಯಾ?

ನನಗೆ ಮೊದಲ ಸಲ ಬಂದದ್ದು 1984ರಲ್ಲಿ, ಎರಡನೆಯ ಶಿಫ್ಟಿನಲ್ಲಿ. ಮೈಕ್ರೋಮೀಟರ್ ತಿರುಗಿಸಿ ಅಂಕಿ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಅಂಕಿಯ ಬಲ ಅರ್ಧ ಮಾಯವಾಯಿತು. ಕಣ್ಣುಜ್ಜಿ ನೋಡಿದರೆ ಅಲ್ಲೊಂದು ಚಿಕ್ಕ ಮಿನುಗು. ಅದು ಬೆಳೆಯುತ್ತ ಬೆಳೆಯುತ್ತ ಹ್ಯಾಕ್ಸಾ ಬ್ಲೇಡಿನ ಹಲ್ಲಿನ ಹಾಗೆ ಅಂಕುಡೊಂಕಾಗಿ, ಅರ್ಧಚಂದ್ರಾಕಾರವಾಗಿ, ಥಳಥಳ ಅನ್ನುತ್ತ ಓರೆಗೆ ಸರಿದುಹೋಯಿತು. ಇಪ್ಪತ್ತು ನಿಮಿಷ. ಕಣ್ಣು ಹೋಯಿತು ಅಂತಲೇ ತಿಳಿದೆ. ಬೆಳಕು ಹೋದ ಮೇಲೆ ಎಡ ಕಣತಲೆಯಲ್ಲಿ ಸುತ್ತಿಗೆ ಶುರುವಾಯಿತು, ಎದೆ ಬಡಿತಕ್ಕೊಂದು ಏಟು. ವಾಂತಿಯಾಯಿತು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದೆ. ಹೂ ಕಟ್ಟುತ್ತಿದ್ದ ಒಬ್ಬಾಕೆ ಪಕ್ಕಕ್ಕೆ ಸರಿದು, "ಒಟ್ರೈ ತಲೈವಲಿಯಾಮ್ಮಾ?" ಅಂದಳು. ಒಂಟಿ ತಲೆನೋವಾ ಅಂತ. ಮಡಿಲಲ್ಲಿದ್ದ ಮಲ್ಲಿಗೆಯನ್ನೆಲ್ಲ ಬುಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದಳು, ವಾಸನೆ ನನಗೆ ತಾಗದಿರಲಿ ಅಂತ. ಮೇಲಿನವರೊಬ್ಬರು ಮಾರನೆಯ ದಿನ "ಓವರ್‌ಟೈಮ್ ತಪ್ಪಿಸಿಕೊಳ್ಳೋಕೆ ಒಳ್ಳೇ ಉಪಾಯ" ಅಂದರು. ನಲವತ್ತು ವರ್ಷವಾದರೂ ಎರಡೂ ಮಾತು ಕಿವಿಯಲ್ಲಿವೆ.

ಆ ಬೆಳಕಿಗೆ ವೈದ್ಯರು ಆರಾ ಅನ್ನುತ್ತಾರೆ. ಐದು ನಿಮಿಷದಿಂದ ಒಂದು ಗಂಟೆಯವರೆಗೆ ಇರಬಹುದು. ಎಲ್ಲರಿಗೂ ಬರುವುದಿಲ್ಲ, ಅದಿಲ್ಲದೆಯೇ ಅರೆತಲೆನೋವು ಬರುವವರೇ ಹೆಚ್ಚು. ನೋವು ಬಂದರೆ 4 ಗಂಟೆಯಿಂದ 72 ಗಂಟೆ. ಮೆಟ್ಟಿಲು ಹತ್ತಿದರೆ ಜಾಸ್ತಿ, ಬೆಳಕು ಬೇಡ, ಸದ್ದು ಬೇಡ, ಹೊಟ್ಟೆ ತೊಳಸುತ್ತದೆ. ಮಿದುಳಿಗೆ ತನ್ನದೇ ನೋವು ತಿಳಿಯದು, ಗೊತ್ತಾ? ನೋಯುವುದು ಅದರ ಹೊದಿಕೆ, ಅಲ್ಲಿಯ ರಕ್ತನಾಳ, ಅವುಗಳಿಂದ ಸುದ್ದಿ ಒಯ್ಯುವ ಮುಖದ ದೊಡ್ಡ ನರ. ಸುಶ್ರುತಸಂಹಿತೆ 11 ಬಗೆಯ ಶಿರೋರೋಗಗಳನ್ನು ಹೇಳಿ, ಅವುಗಳಲ್ಲಿ ಒಂದಕ್ಕೆ ಅರ್ಧಾವಭೇದಕ ಎಂದು ಹೆಸರಿಟ್ಟಿದೆ. ಅರ್ಧ ತಲೆಯನ್ನು ಸೀಳುವಂಥದ್ದು. ಅಷ್ಟು ಹಳೆಯ ನೋವನ್ನು ಈಗಲೂ ನೆಪ ಎನ್ನುತ್ತಾರಲ್ಲ!

ಎಷ್ಟು ಜನಕ್ಕಿದೆ ಅಂತ ನಮ್ಮ ನಿಮ್ಹಾನ್ಸಿನವರೇ ಲೆಕ್ಕ ಹಾಕಿದ್ದಾರೆ. ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ವಿಚಾರಿಸಿದರು, 2015ರಲ್ಲಿ ವರದಿ ಬಂತು. ಒಂದು ವರ್ಷದಲ್ಲಿ ತಲೆನೋವು ಕಂಡವರು ನೂರಕ್ಕೆ 64. ಅರೆತಲೆನೋವೇ ನೂರಕ್ಕೆ 25. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು, ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ಪೇಟೆಯ ಗಡಿಬಿಡಿಯ ಕಾಯಿಲೆ ಎಂದುಕೊಂಡಿದ್ದ ನನಗೆ ಈ ಕೊನೆಯ ಸಂಗತಿ ಓದಿ ಆಶ್ಚರ್ಯವಾಯಿತು. ನಮ್ಮ ಅಜ್ಜಿ ಹಣೆಗೆ ಬಟ್ಟೆ ಬಿಗಿದು ಒಲೆ ಊದುತ್ತಿದ್ದದ್ದು ಕಣ್ಣೆದುರು ಬಂತು. ಅವರು ತಲೆಸ್ನಾನ ಮಾಡಿದ ದಿನ ನೋವು ಗ್ಯಾರಂಟಿ. ಸುಮ್ಮನೆ ಹೇಳುತ್ತಾರೆ ಅಂದುಕೊಂಡಿದ್ದೆವು. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ತಲೆಸ್ನಾನದಿಂದ ಅರೆತಲೆನೋವು ಕೆರಳುವ 94 ರೋಗಿಗಳ ಬಗ್ಗೆ 2006ರಲ್ಲಿ ಬರೆದರು. ಅಜ್ಜಿ ಇದ್ದಿದ್ದರೆ ಅವರಿಗೆ ಓದಿ ಹೇಳುತ್ತಿದ್ದೆ.

ಎಲ್ಲ ತಲೆನೋವೂ ಅರೆತಲೆನೋವಲ್ಲ. ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಬರುವುದು ಬಿಗಿತದ ನೋವು. ತಲೆಗೆ ಸುತ್ತಲೂ ಪಟ್ಟಿ ಬಿಗಿದ ಹಾಗೆ, ಎರಡೂ ಕಡೆ. ಅದಿದ್ದರೂ ಕೆಲಸ ಮಾಡಬಹುದು. ಎಸ್ಟೇಟಿನಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಅರ್ಧ ಜನದ ಮುಖದಲ್ಲಿ ಅದು ಕಾಣುತ್ತಿತ್ತು. ನಮ್ಮ ಹೆಂಗಸರಲ್ಲಿ ಅದಕ್ಕೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳದಂಥದ್ದು: ಶೌಚಾಲಯ ಸರಿಯಿಲ್ಲ ಅಂತ ಬೆಳಗ್ಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಹೊರಗೆ ಇಲ್ಲಿಯವರು ಕತ್ತಿರಿ ಅನ್ನುವ ಸುಡುಬಿಸಿಲು, ಒಳಗೆ ತಗಡಿನ ಮಾಡು. ಇನ್ನು ಭಾನುವಾರದ ತಲೆನೋವು. ವಾರವೆಲ್ಲ ಐದಕ್ಕೆ ಕಾಫಿ ಕುಡಿದು ಭಾನುವಾರ ಒಂಬತ್ತಕ್ಕೆ ಎದ್ದರೆ ತಲೆ ಕಾಫಿ ಕೇಳುತ್ತದೆ. "ಸೈನಸ್" ಅಂತ ತಾವೇ ಹೆಸರಿಟ್ಟುಕೊಂಡು ಹಬೆ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇರುವುದು ಅರೆತಲೆನೋವೇ. ಬಿ.ಪಿ.ಯನ್ನು ಎಲ್ಲರೂ ದೂರುತ್ತಾರೆ, ಅದು ತೀರಾ ಮೇಲೇರಿದರೆ ಹೊರತು ತಲೆ ನೋಯಿಸುವುದು ಕಡಿಮೆ.

ಇನ್ನೊಂದು ಬಗೆಯ ತಲೆನೋವು ಬಂದರೆ ಕೂಡಲೇ ಮನೆಯಿಂದ ಹೊರಗೆ ಓಡಬೇಕು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನಮ್ಮ ಎಸ್ಟೇಟು, ಪಕ್ಕದ ಕೊರಟ್ಟೂರು ಎಲ್ಲ ನೀರಲ್ಲಿ ನಿಂತವು. ಕರೆಂಟಿಲ್ಲದೆ ಎಲ್ಲೆಲ್ಲೂ ಜನರೇಟರು. ಜನರೇಟರನ್ನು ಮುಚ್ಚಿದ ಜಾಗದಲ್ಲಿ ಇಟ್ಟು, ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಮಂಪರು ಬಂತೆಂದರೆ ಅದು ಹೊಗೆಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ. ಮಾತ್ರೆ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ಬರಬೇಕು.

ಮಾತ್ರೆ ಅಂದೆನಲ್ಲ, ಇಲ್ಲಿ ನನ್ನ ತಪ್ಪೊಂದನ್ನು ಹೇಳುತ್ತೇನೆ, ನೀನು ಅದನ್ನು ಮಾಡಬೇಡ. ಕೊರಟ್ಟೂರಿನ ನನ್ನ ಗೆಳತಿ ಅಮೃತಾಂಜನ ಹಚ್ಚಿಕೊಂಡು ಕೆಲಸಕ್ಕೆ ಬರುತ್ತಿದ್ದಳು. 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿ 1914ರಲ್ಲಿ ಮದ್ರಾಸಿಗೆ ಬಂದ ಆ ಹಳದಿ ಡಬ್ಬಿ ಈ ಊರಿನ ಪ್ರತಿ ಮನೆಯಲ್ಲೂ ಇತ್ತು. ಹಚ್ಚಿದರೆ ತಂಪು, ಅಷ್ಟೇ, ಅಪಾಯವಿಲ್ಲ. ನನಗೆ ಅದು ಸಾಲಲಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಕೆಫೀನ್ ಬೆರೆತ ಮಾತ್ರೆ ಶುರು ಮಾಡಿದೆ. ಮೊದಲು ನೋವು ಬಂದಾಗ, ಆಮೇಲೆ ಬಂದೀತು ಅಂತ, ಕೊನೆಗೆ ಬೆಳಗಿನ ಕಾಫಿಯ ಜೊತೆಗೇ. ತಿಂಗಳಿಗೆ ಆರು ದಿನ ಇದ್ದ ನೋವು ದಿನವೂ ಬರತೊಡಗಿತು. ಅಂಬತ್ತೂರಿನಿಂದ ಲೋಕಲ್ ಹತ್ತಿ ಸೆಂಟ್ರಲ್‌ನಲ್ಲಿಳಿದು, ಎದುರಿಗಿರುವ ಜನರಲ್ ಆಸ್ಪತ್ರೆಗೆ ಹೋದೆ. ಡಾ. ಬಿ. ರಾಮಮೂರ್ತಿಯವರು 1950ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆದ ಜಾಗ ಅದು. ಅಲ್ಲಿ ಒಬ್ಬ ವೈದ್ಯೆ ನನ್ನ ಕೈಗೆ ಕಾಗದ ಕೊಟ್ಟು, "ಹೋದ ತಿಂಗಳು ಎಷ್ಟು ಮಾತ್ರೆ ನುಂಗಿದಿರಿ, ಬರೆಯಿರಿ" ಅಂದರು. ಸಾವಿರಾರು ಬುಷ್‌ಗಳ ಲೆಕ್ಕ ಇಟ್ಟವಳಿಗೆ ನನ್ನ ಮಾತ್ರೆಯ ಲೆಕ್ಕ ಗೊತ್ತಿರಲಿಲ್ಲ. ಮನೆಗೆ ಬಂದು ಖಾಲಿ ಪಟ್ಟಿಗಳನ್ನು ನೋಡಿ ಮಾತ್ರೆ ಎಣಿಸಿದೆ: 43.

ಬರೀ ಪ್ಯಾರಾಸಿಟಮಾಲ್‌ನಂಥದ್ದು ತಿಂಗಳಿಗೆ 15 ದಿನ, ಬೆರಕೆ ಮಾತ್ರೆ ಅಥವಾ ಅರೆತಲೆನೋವಿನ ಟ್ರಿಪ್ಟಾನ್ 10 ದಿನ, ಹೀಗೆ ಮೂರು ತಿಂಗಳ ಮೇಲೆ ನಡೆದರೆ ನೋವು ಕಳೆಯುವ ಮಾತ್ರೆಯೇ ನೋವನ್ನು ತರುತ್ತದೆ. ಬಿಟ್ಟಾಗ ಒಂದು ವಾರ ನಾನು ಪಟ್ಟ ಪಾಡು ಬೇಡ. ಆಮೇಲೆ ಇಳಿಯಿತು. ನೀನು ಬಿದ್ದಂದಿನಿಂದ ದಿನಕ್ಕೆ ಎಷ್ಟು ನುಂಗುತ್ತಿದ್ದೀಯ ಅಂತ ನನಗೆ ಬರೆ. ಇದನ್ನು ಕೇಳಲೇ ನಾನು ಮುಖ್ಯವಾಗಿ ಕಾಗದ ಬರೆಯಲು ಕೂತದ್ದು.

ಈಗ ಏನು ಮಾಡಬೇಕು. ನಿನ್ನನ್ನು ಐದು ವಾರದಿಂದ ಕಿಟಕಿ ಮುಚ್ಚಿ ಮಲಗಿಸಿದ್ದಾರಂತೆ. ಪ್ರೀತಿಯಿಂದ ಮಾಡಿದ್ದು, ಆದರೆ ಆ ಕಾಲ ಹೋಯಿತು. ಪೆಟ್ಟಾದ ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಕಡಿಮೆ. ಆಮೇಲೆ ಮೆಲ್ಲಗೆ ಓಡಾಟ ಶುರುವಾಗಬೇಕು ಎಂದು ಈಗಿನ ವೈದ್ಯರು ಹೇಳುತ್ತಾರೆ. ಸಂಜೆ ಅಮ್ಮನ ಕೈ ಹಿಡಿದು ಹತ್ತು ನಿಮಿಷ ನಡೆ. ನೋವು ಸ್ವಲ್ಪ ಏರಿ ಮತ್ತೆ ಇಳಿದರೆ ಚಿಂತೆಯಿಲ್ಲ, ನಾಳೆ ಹನ್ನೆರಡು ನಿಮಿಷ. ತುಂಬ ಏರಿದರೆ ಹಿಂದೆ ಸರಿ. ಓದೂ ಹಾಗೆಯೇ, ಹದಿನೈದು ನಿಮಿಷ ಓದಿ ಕಣ್ಣು ಮುಚ್ಚು. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಹತ್ತಕ್ಕೆ ನಿದ್ದೆ, ತಪ್ಪಿಸಬೇಡ. ಏಕಾದಶಿ ಉಪವಾಸ ಸದ್ಯಕ್ಕೆ ಬೇಡ ಎಂದು ನಾನೇ ಹೇಳಿದೆ ಅಂತ ನಿನ್ನ ಅಜ್ಜನಿಗೆ ತಿಳಿಸು.

ನರರೋಗ ತಜ್ಞರ ಹತ್ತಿರ ಹೋಗಿ, ಮೈಸೂರಲ್ಲೇ ಇದ್ದಾರೆ. ಮಗ್ಗುಲು ಬದಲಿಸಿದಾಗ ತಲೆ ತಿರುಗುವುದನ್ನು ಮರೆಯದೆ ಹೇಳು. ಪೆಟ್ಟಿಗೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದರೂ ಹಾಗಾಗುತ್ತದೆ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವುಗಳನ್ನು ವಾಪಸು ಕೂರಿಸುತ್ತಾರೆ, ಒಂದೆರಡು ಸಲದಲ್ಲೇ ಗುಣ ಕಾಣಬಹುದು. ಕುತ್ತಿಗೆಯನ್ನೂ ನೋಡಲಿ. ಬಿದ್ದ ರಭಸಕ್ಕೆ ಕುತ್ತಿಗೆ ಉಳುಕಿ, ಆ ನೋವು ತಲೆಹಿಂಭಾಗಕ್ಕೆ ಏರಿರಬಹುದು, ಅದಕ್ಕೆ ಫಿಸಿಯೋಥೆರಪಿ ಇದೆ. ಅರೆತಲೆನೋವೇ ಅಂತಾದರೆ ಬರದಂತೆ ತಡೆಯುವ ಔಷಧಿಗಳೂ ಇವೆ. ನನಗೆ ಪ್ರೊಪ್ರನಲಾಲ್ ಹಿಡಿಸಿತು, ನಿನಗೆ ಯಾವುದೆಂದು ಅವರು ಹೇಳಬೇಕು. ಇನ್ನೊಂದು, ಹೆಣ್ಣುಮಗಳು ಅಂತ ಹೇಳುತ್ತೇನೆ: ಕಣ್ಣೆದುರು ಆ ಅಂಕುಡೊಂಕು ಬೆಳಕು ನಿನಗೆಂದಾದರೂ ಬಂದರೆ, ಮುಟ್ಟು ಸರಿಮಾಡಲಿಕ್ಕೋ ಇನ್ಯಾವುದಕ್ಕೋ ಈಸ್ಟ್ರೋಜನ್ ಇರುವ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಮನಸ್ಸು ಮಂಕಾಗಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ ಅದನ್ನೂ ಹೇಳು. ಅದೂ ಈ ಪೆಟ್ಟಿನ ಜೊತೆ ಬರುವುದೇ.

ಇಷ್ಟಾದರೂ ಕೆಲವು ಲಕ್ಷಣ ಕಂಡರೆ ಕಾಯಬಾರದು. ನೋವು ಗಂಟೆಗಂಟೆಗೂ ಏರುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ನಿದ್ದೆ, ಮಾತು ತೊದಲು, ಕೈಕಾಲು ಸೋಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗಲ್ಲೋ ಕಿವಿಯಲ್ಲೋ ತಿಳಿನೀರು ಇಳಿಯುವುದು. ಸಿಡಿಲು ಬಡಿದ ಹಾಗೆ ಒಂದೇ ಕ್ಷಣದಲ್ಲಿ ಬರುವ ತಲೆನೋವೂ, ಜ್ವರದ ಜೊತೆ ಕುತ್ತಿಗೆ ಬಗ್ಗದ ತಲೆನೋವೂ ಹಾಗೆಯೇ. 108ಕ್ಕೆ ಫೋನ್ ಮಾಡಿ. ಇಲ್ಲಿ ತಮಿಳುನಾಡಿನಲ್ಲಿ ರಸ್ತೆ ಅಪಘಾತವಾದವರಿಗೆ, ಯಾವ ರಾಜ್ಯದವರಾದರೂ, ಮೊದಲ 48 ಗಂಟೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಶುರುವಾಯಿತು. ನಿನ್ನ ಗೆಳತಿಯರು ಚೆನ್ನೈಗೆ ಕೆಲಸಕ್ಕೆ ಬಂದರೆ ಈ ಮಾತು ಅವರ ಕಿವಿಯಲ್ಲಿರಲಿ.

ಪೂರ್ತಿ ಹುಷಾರಾಗುವವರೆಗೆ ಸ್ಕೂಟರ್ ಮುಟ್ಟಬೇಡ. ಮಿದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಬಹಳ ಕಷ್ಟ. ಆ ಹೆಲ್ಮೆಟ್ಟನ್ನು ಬಿಸಾಡು. ಹೊರಗೆ ಗೀರು ಮಾತ್ರ ಇದೆ ಅಂತ ನಿನ್ನ ಅಪ್ಪ ಇಟ್ಟುಕೊಂಡಿದ್ದಾನಂತೆ. ಒಳಗಿನ ಥರ್ಮಾಕೋಲ್ ಒಂದು ಸಲ ಅಮುಕಿದರೆ ಮುಗಿಯಿತು, ಎರಡನೆಯ ಸಲ ಅದು ಕಾಯುವುದಿಲ್ಲ. ಇನ್‌ಸ್ಪೆಕ್ಷನ್ ಮೇಜಿಗೆ ಬಂದಿದ್ದರೆ ನಾನೇ ಕೆಂಪು ಚೀಟಿ ಕಟ್ಟಿ ರಿಜೆಕ್ಟ್ ಡಬ್ಬಿಗೆ ಹಾಕುತ್ತಿದ್ದೆ.

ಇದರ ಜೊತೆ ಒಂದು ನೋಟ್‌ಬುಕ್ ಕಳಿಸಿದ್ದೇನೆ. ಗೆರೆ ನಾನೇ ಹಾಕಿದ್ದು, ನನ್ನ ಇನ್‌ಸ್ಪೆಕ್ಷನ್ ರಿಜಿಸ್ಟರಿನ ಹಾಗೆ. ತಾರೀಖು, ಎಷ್ಟು ಹೊತ್ತಿಗೆ ಶುರು, ಯಾವ ಕಡೆ, ಹತ್ತಕ್ಕೆ ಎಷ್ಟು ನೋವು, ನಿದ್ದೆ ಎಷ್ಟು ಗಂಟೆ, ಮಾತ್ರೆ ಯಾವುದು ಎಷ್ಟು, ಮುಟ್ಟಿನ ದಿನವೇ, ತಲೆಸ್ನಾನ ಮಾಡಿದೆಯಾ. ದಿನಕ್ಕೆ ಎರಡು ನಿಮಿಷದ ಕೆಲಸ. ನೋವಿಲ್ಲದ ದಿನವನ್ನೂ ಖಾಲಿ ಬಿಡದೆ ಒಂದು ಸೊನ್ನೆ ಬರೆ. ನೀನು ಬರೆಯಲಾಗದ ದಿನ ಅಮ್ಮ ನಿನ್ನನ್ನು ಕೇಳಿ ಬರೆಯಲಿ. ಹೀಗೆ ದಿನಾ ಕೇಳುತ್ತ ಹೋದರೆ ಪರೀಕ್ಷೆಯ ನೆಪ ಅನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಾರದು.

ಮುಂದಿನ ಶುಕ್ರವಾರ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ಸಿಗೆ ಹೊರಡುತ್ತೇನೆ. ಸೆಂಟ್ರಲ್‌ನಲ್ಲಿ ಹತ್ತಬೇಕು, ಹತ್ತಿದ ಸ್ವಲ್ಪ ಹೊತ್ತಿಗೆ ನಮ್ಮ ಅಂಬತ್ತೂರನ್ನೇ ದಾಟಿಕೊಂಡು ಹೋಗುತ್ತದೆ. ಶನಿವಾರ ಬೆಳಗ್ಗೆ ನಿನ್ನ ಜೊತೆ ತಿಂಡಿ. ವೈದ್ಯರ ಹತ್ತಿರ ನಾನೂ ಬರುತ್ತೇನೆ, ನೋಟ್‌ಬುಕ್ಕಿನಲ್ಲಿ ಆಗ ಏನಿಲ್ಲವೆಂದರೂ ಐದು ದಿನದ ಸಾಲುಗಳಿರಲಿ. ಸ್ಟೇಷನ್ನಿಗೆ ಯಾರೂ ಬರಬೇಡಿ, ಆಟೋ ಹಿಡಿದು ಬರುತ್ತೇನೆ.

ನಿನ್ನ
ದೊಡ್ಡಮ್ಮ